ಕಲ್ಲಿನ ಮೇಲೆ ಬರೆದಿಟ್ಟ ರಜೆ

ಕೇಳುಗರೆಲ್ಲರಿಗೂ ನಮಸ್ಕಾರ.

ಈಜಿಪ್ಟ್ ಅಂದ ತಕ್ಷಣ ಪಿರಮಿಡ್ಡು, ಮಮ್ಮಿ, ಚಿನ್ನದ ಮುಖವಾಡ ಕಣ್ಮುಂದೆ ಬರುತ್ತವೆ, ಅಲ್ವಾ? ನನಗೆ ಮಾತ್ರ ಮೊದಲು ನೆನಪಾಗುವುದು ಒಂದು ಹಾಜರಿ ಪಟ್ಟಿ.

ನೈಲ್ ನದಿಯ ಪಶ್ಚಿಮ ದಂಡೆಯಲ್ಲಿ, ಇಂದಿನ ಲಕ್ಸರ್ ನಗರದ ಎದುರಿಗೆ, ಬೋಳು ಗುಡ್ಡಗಳ ನಡುವೆ ದೇರ್ ಎಲ್ ಮದೀನಾ ಎಂಬ ಪುಟ್ಟ ಊರಿನ ಅವಶೇಷಗಳಿವೆ. ರಾಜರ ಕಣಿವೆಯಲ್ಲಿ ಬಂಡೆ ಕೊರೆದು ಅರಸರ ಗೋರಿ ಮಾಡಿದವರು, ಅದರ ಗೋಡೆಗೆ ಬಣ್ಣ ಬಳಿದವರು, ಅವರ ಹೆಂಡತಿ ಮಕ್ಕಳು ಎಲ್ಲರೂ ಇಲ್ಲೇ ಇದ್ದರು. ಆ ಹಾಜರಿ ಪಟ್ಟಿ ಸುಣ್ಣಕಲ್ಲಿನ ಒಂದು ಚಪ್ಪಡಿ ಚೂರು. ಎರಡನೇ ರಾಮ್ಸೆಸ್ ಅರಸನ ಆಳ್ವಿಕೆಯ 40ನೇ ವರ್ಷದ್ದು, ಅಂದರೆ ಸುಮಾರು 3,200 ವರ್ಷ ಹಳೆಯದು. ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. 40 ಜನರ ಹೆಸರು, 280 ದಿನಗಳ ಲೆಕ್ಕ. ಯಾರು ಯಾವ ದಿನ ಬರಲಿಲ್ಲ ಎಂಬುದು ಕಪ್ಪು ಮಸಿಯಲ್ಲಿದೆ, ಅದರ ಮೇಲೆ ಕೆಂಪು ಮಸಿಯಲ್ಲಿ ಚಿಕ್ಕದಾಗಿ ಕಾರಣ.

ಆ ಕೆಂಪು ಅಕ್ಷರಗಳೇ ನನ್ನನ್ನು ಹಿಡಿದು ನಿಲ್ಲಿಸುವುದು. ಒಬ್ಬನಿಗೆ ಚೇಳು ಕುಟುಕಿದೆ. ಇನ್ನೊಬ್ಬನಿಗೆ ಕಣ್ಣುಬೇನೆ, ಬಂಡೆ ಕೊರೆಯುವಾಗ ಏಳುವ ಆ ಧೂಳನ್ನು ನೆನೆಸಿಕೊಂಡರೆ ಆಶ್ಚರ್ಯವೇನೂ ಇಲ್ಲ. ಒಬ್ಬನ ತಾಯಿಗೆ ಹುಷಾರಿಲ್ಲ. ಮತ್ತೊಬ್ಬ ತೀರಿಕೊಂಡ ತಾಯಿಯ ದೇಹಕ್ಕೆ ಬಟ್ಟೆ ಸುತ್ತಲು ಹೋಗಿದ್ದಾನೆ. ಹೆಂಡತಿಗೋ ಮಗಳಿಗೋ ಮುಟ್ಟು ಅಂತ ಗಂಡಸರು ಮನೆಯಲ್ಲಿ ಉಳಿದದ್ದೂ ಇದೆ. ಮನೆಯ ಇಂಥ ಮಾತು ಮುಚ್ಚುಮರೆಯಿಲ್ಲದೆ ಕೆಲಸದ ಲೆಕ್ಕಕ್ಕೆ ಬಂದಿರುವುದು ನನಗೆ ತುಂಬ ಇಷ್ಟ.

ಬಿಯರ್ ಮಾಡಲು ರಜೆ ಹಾಕಿದವರು ಸುಮಾರು ಜನ. ಸುಮ್ನೆ ಮೋಜಿಗಲ್ಲ. ನಮ್ಮಲ್ಲಿ ಅಂಬಲಿ ಇದ್ದ ಹಾಗೆ ಅವರಿಗೆ ಬಿಯರ್ ದಿನದ ಆಹಾರ, ಹಬ್ಬಕ್ಕಂತೂ ಬೇಕೇ ಬೇಕು. ಕೂಲಿಯೂ ಧಾನ್ಯದಲ್ಲೇ ಸಿಗುತ್ತಿತ್ತು. ಒಬ್ಬ ಕೆಲಸಗಾರನಿಗೆ ತಿಂಗಳಿಗೆ ನಾಲ್ಕು ಮೂಟೆ ಗೋಧಿ, ಒಂದೂವರೆ ಮೂಟೆ ಬಾರ್ಲಿ. ಗೋಧಿ ರೊಟ್ಟಿಗೆ, ಬಾರ್ಲಿ ಬಿಯರ್‌ಗೆ.

ಊರಲ್ಲಿ ನೀರಿರಲಿಲ್ಲ. ಕತ್ತೆಗಳ ಮೇಲೆ ಹೊರಿಸಿ ತರಬೇಕಿತ್ತು. ಒಮ್ಮೆ 50 ಮೀಟರಿಗೂ ಜಾಸ್ತಿ ಆಳದ ದೊಡ್ಡ ಗುಂಡಿ ತೋಡಿದರು, ನೀರು ಬರಲೇ ಇಲ್ಲ. ಕೊನೆಗೆ ಅದಕ್ಕೆ ಕಸ ತುಂಬಿತು. ಪಾತ್ರೆಯ ಚೂರು, ಕಲ್ಲಿನ ಚೂರುಗಳ ಮೇಲೆ ಬರೆದ ಸಾಲದ ಲೆಕ್ಕ, ಪತ್ರ, ಜಗಳ, ಎಲ್ಲ ಆ ಕಸದಲ್ಲಿತ್ತು. ಅಲ್ಲಿ ಸಿಕ್ಕ ಬರಹದ ಚೂರುಗಳು ಸಾವಿರಾರು.

ಮುಂದೆ ಮೂರನೇ ರಾಮ್ಸೆಸ್‌ನ ಆಳ್ವಿಕೆಯ 29ನೇ ವರ್ಷದಲ್ಲಿ ಧಾನ್ಯ ಹೊತ್ತಿಗೆ ಬರಲಿಲ್ಲ. ಈ ಜನ ಕೆಲಸ ಬಿಟ್ಟು, ಕಾವಲು ದಾಟಿ, ದೇವಸ್ಥಾನದ ಹಿಂದೆ ಹೋಗಿ ಕುಳಿತರು. ಹಸಿವು, ಬಾಯಾರಿಕೆ ನಮ್ಮನ್ನು ಇಲ್ಲಿಗೆ ತಂದಿದೆ. ಬಟ್ಟೆ ಇಲ್ಲ, ಎಣ್ಣೆ ಇಲ್ಲ, ಮೀನಿಲ್ಲ, ತರಕಾರಿ ಇಲ್ಲ. ಅರಸನಿಗೆ ಬರೆದು ತಿಳಿಸಿ ಎಂದರು. ಅವರಾಡಿದ ಆ ಮಾತನ್ನು ಬರೆದಿಟ್ಟ ಹಾಳೆ ಇಟಲಿಯ ಟ್ಯೂರಿನ್‌ನಲ್ಲಿದೆ. ಬಾಕಿ ಧಾನ್ಯ ಕೈಗೆ ಬಂದ ಮೇಲೆಯೇ ಅವರು ಎದ್ದದ್ದು.

ನಮಸ್ಕಾರ.