ಡಿಸೆಂಬರ್ ಫೈನಲ್ ಸೆಪ್ಟೆಂಬರ್‌ನಲ್ಲೇ ಶುರು

ಕೇಳುಗರಿಗೆ ನಮಸ್ಕಾರ. ಅಮೆರಿಕದಲ್ಲಿ ಓದುವ ಮಗನೋ ಮಗಳೋ ಇದ್ದರೆ ಈ ಮಾತು ನಿಮ್ಮ ಕಿವಿಗೂ ಬಿದ್ದಿರುತ್ತದೆ: "ಅಮ್ಮ, ಶನಿವಾರ ಫೋನ್ ಮಾಡಬೇಡ, ಮ್ಯಾಚ್ ಇದೆ." ಅದು ಕಾಲೇಜ್ ಫುಟ್‌ಬಾಲ್. ಚೆಂಡನ್ನು ಒದೆಯುವುದು ಕಮ್ಮಿ, ಹಿಡಿದು ಓಡುವುದು, ಎಸೆಯುವುದು ಜಾಸ್ತಿ. ಹಾಗಾದರೆ ಫುಟ್‌ಬಾಲ್ ಅಂತ ಯಾಕೆ ಕರೀತಾರೆ ಅಂತ ಎಲ್ಲರೂ ಕೇಳುತ್ತಾರೆ. ಅದನ್ನು ಬಿಡಿ, ನಮಗಿರುವುದು ಐದೇ ನಿಮಿಷ.

ನಾನು ಹೇಳಬೇಕಾದದ್ದು ಒಂದೇ. ಫೈನಲ್ ಒಂದನ್ನೇ ನೋಡಬೇಡಿ, ಪೂರ್ತಿ ಸೀಸನ್ ನೋಡಿ.

ಹೆಚ್ಚಾಗಿ ಅಕ್ಕಪಕ್ಕದ ರಾಜ್ಯಗಳ ಯೂನಿವರ್ಸಿಟಿಗಳು ಸೇರಿ ಮಾಡಿಕೊಂಡ ಗುಂಪಿಗೆ ಕಾನ್ಫರೆನ್ಸ್ ಅನ್ನುತ್ತಾರೆ. ದಕ್ಷಿಣದ ಎಸ್‌ಇಸಿ ಅಂಥದ್ದೊಂದು. ಒಂದು ತಂಡಕ್ಕೆ ಸೀಸನ್‌ನಲ್ಲಿ 12 ಮ್ಯಾಚ್, ಆಮೇಲೆ ಮುಂದಿರುವ ಎರಡು ತಂಡಗಳಿಗೆ ಕಾನ್ಫರೆನ್ಸ್ ಫೈನಲ್. ನಮ್ಮ ಆರ್‌ಸಿಬಿ 2024ರಲ್ಲಿ ಏಳು ಮ್ಯಾಚ್ ಸೋತೂ ಪ್ಲೇಆಫ್‌ಗೆ ಹೋಯಿತಲ್ವಾ? ಅಲ್ಲಿ 2023ರವರೆಗೆ, ದೇಶದ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಪ್ಲೇಆಫ್‌ಗೆ ಒಂದು ಸಮಿತಿ ಇಡೀ ದೇಶದಿಂದ ಆರಿಸುತ್ತಿದ್ದದ್ದು ನಾಲ್ಕೇ ತಂಡ. ಎರಡು ಸೋತವರನ್ನು ಒಮ್ಮೆಯೂ ಒಳಗೆ ಬಿಟ್ಟಿರಲಿಲ್ಲ.

ಎಸ್‌ಇಸಿಯ 2023ರ ಅಲಬಾಮಾ ತಂಡವನ್ನೇ ತೆಗೆದುಕೊಳ್ಳಿ. ಸೆಪ್ಟೆಂಬರ್‌ನಲ್ಲಿ ತಮ್ಮ ಮೈದಾನದಲ್ಲೇ ಟೆಕ್ಸಾಸ್ ಮುಂದೆ 34-24ರಿಂದ ಸೋತರು. ಚೆಂಡು ಎಸೆಯುವ ಹುಡುಗ, ಕ್ವಾರ್ಟರ್‌ಬ್ಯಾಕ್ ಜೇಲನ್ ಮಿಲ್ರೋ. ಕೋಚ್ ನಿಕ್ ಸೇಬನ್ ಮುಂದಿನ ಮ್ಯಾಚ್‌ನಲ್ಲಿ ಅವನನ್ನು ಕೂರಿಸಿಬಿಟ್ಟರು. ಅದರ ಮುಂದಿನ ವಾರ ಮತ್ತೆ ಅವನಿಗೇ ಚೆಂಡು ಕೊಟ್ಟರು. ಅಲ್ಲಿಂದ ಗೆಲ್ಲುತ್ತಲೇ ಬಂದರು.

ನವೆಂಬರ್ 25. ಎದುರಿಗೆ ಅದೇ ರಾಜ್ಯದ ಬದ್ಧವೈರಿ ಆಬರ್ನ್, ಅದೂ ಅವರ ಊರಲ್ಲಿ. ಆಬರ್ನ್ ಹಿಂದಿನ ವಾರವಷ್ಟೇ ನ್ಯೂ ಮೆಕ್ಸಿಕೋ ಸ್ಟೇಟ್ ಕೈಲಿ ಹೀನಾಯವಾಗಿ ಸೋತಿತ್ತು. ಆದರೆ ಇವರ ಮುಂದೆ ಹುಲಿಯಾಗಿ ನಿಂತಿತು. ಕೊನೆಯ ನಿಮಿಷ, ಅಲಬಾಮಾ 24-20ರಿಂದ ಹಿಂದಿದೆ. ಚೆಂಡು ದಾಟಿಸಿದರೆ ಪಾಯಿಂಟ್ ಸಿಗುವ ಗೆರೆಗೆ ಬರೀ ಏಳು ಗಜ, ಸುಲಭದ ಕೆಲಸ. ಅಷ್ಟರಲ್ಲಿ ಚೆಂಡು ಕೈಗೆ ಕೊಡುವಾಗಲೇ ತಪ್ಪಿ ಹಿಂದಕ್ಕೆ ಉರುಳಿಹೋಯಿತು. ಅದರ ಮೇಲೊಂದು ಪೆನಾಲ್ಟಿ. ಈಗ ಗೆರೆ 31 ಗಜ ದೂರ, ಉಳಿದದ್ದು ನಾಲ್ಕನೆಯ, ಅಂದರೆ ಕಟ್ಟಕಡೆಯ ಪ್ರಯತ್ನ. ಅಟ್ಲಾಂಟಾದಲ್ಲಿ ನಡೆಯುವ ಎಸ್‌ಇಸಿ ಫೈನಲ್‌ನಲ್ಲಿ ಜಾಗ ಆಗಲೇ ಸಿಕ್ಕಿತ್ತು, ನಿಜ. ಆದರೆ ಇದು ಸೋತರೆ ಎರಡನೇ ಸೋಲು. ಪ್ಲೇಆಫ್ ಆಸೆ ಅಲ್ಲಿಗೇ ಮುಗೀತು.

ಆಬರ್ನ್ ಮಿಲ್ರೋ ಮೇಲೆ ನುಗ್ಗಲು ಇಬ್ಬರನ್ನಷ್ಟೇ ಕಳಿಸಿತು, ಮಿಕ್ಕವರೆಲ್ಲ ಹಿಂದೆ ಕಾಯುತ್ತ ನಿಂತರು. ಹಾಗಾಗಿ ಹುಡುಗನಿಗೆ ಸಮಯ ಸಿಕ್ಕಿತು. ನಿಂತ, ನೋಡಿದ, ಎಸೆದ. ಎಡ ಮೂಲೆಯಲ್ಲಿ ಐಸಯಾ ಬಾಂಡ್, ಮೈಗೆ ಅಂಟಿಕೊಂಡಂತೆ ಒಬ್ಬ ಎದುರಾಳಿ ಇದ್ದರೂ, ಗೆರೆಯೊಳಗೆ ಹಿಡಿದೇಬಿಟ್ಟ! 27-24. ಗಡಿಯಾರದಲ್ಲಿ ಉಳಿದದ್ದು 32 ಸೆಕೆಂಡು. ಸೆಪ್ಟೆಂಬರ್‌ನಲ್ಲಿ ಬೆಂಚ್ ಮೇಲೆ ಕೂತಿದ್ದ ಅದೇ ಹುಡುಗ, ನೆನಪಿಡಿ. ಎಷ್ಟು ಸಲ ನೋಡಿದರೂ ನನಗೆ ಮೈ ಜುಮ್ಮೆನ್ನುತ್ತದೆ.

ಅಯ್ಯೋ, ಸಮಯ ಓಡುತ್ತಿದೆ. ಡಿಸೆಂಬರ್ 2ರ ಫೈನಲ್‌ಗೆ ಬರೋಣ. ಎದುರಿಗೆ ಜಾರ್ಜಿಯಾ. ಸತತ 29 ಗೆಲುವು, ದೇಶಕ್ಕೇ ನಂಬರ್ ಒನ್. ಅವರ ಕೋಚ್ ಕರ್ಬಿ ಸ್ಮಾರ್ಟ್ ಹಿಂದೆ ಸೇಬನ್ ಕೈಕೆಳಗೆ ದುಡಿದವರು. ಜಾರ್ಜಿಯಾ ಅದಕ್ಕೂ ಮುಂಚೆ ಸೋತದ್ದು 2021ರ ಇದೇ ಫೈನಲ್‌ನಲ್ಲಿ, ಇದೇ ಮೈದಾನದಲ್ಲಿ, ಇದೇ ಅಲಬಾಮಾಗೆ. ಈ ಸಲವೂ ಹಾಗೇ ಆಯಿತು, 27-24. ಸೀಸನ್‌ನ ಆ ಒಂದೇ ಸೋಲಿಗೆ ಜಾರ್ಜಿಯಾ ಪ್ಲೇಆಫ್‌ನಿಂದ ಹೊರಗೆ. ಆಬರ್ನ್ ಮುಂದೆ ಆ ಚೆಂಡು ಕೈತಪ್ಪಿದ್ದರೆ ಅಲಬಾಮಾಗೆ ಈ ಗೆಲುವಿದ್ದೂ ಪ್ಲೇಆಫ್ ಆಸೆ ಇರುತ್ತಿರಲಿಲ್ಲ. ಅದಕ್ಕೇ ಹೇಳಿದ್ದು, ಫೈನಲ್ ಒಂದನ್ನೇ ನೋಡಬೇಡಿ ಅಂತ.

ಇನ್ನೊಂದು ಮಾತು. ಫ್ಲೋರಿಡಾ ಸ್ಟೇಟ್ ತಮ್ಮ ಕಾನ್ಫರೆನ್ಸ್ ಫೈನಲ್ ಸೇರಿ 13ಕ್ಕೆ 13 ಗೆದ್ದಿತ್ತು. ಕ್ವಾರ್ಟರ್‌ಬ್ಯಾಕ್ ಜೋರ್ಡನ್ ಟ್ರಾವಿಸ್ ಕಾಲಿಗೆ ಪೆಟ್ಟಾಗಿತ್ತು, ಅವನಿಲ್ಲದ ತಂಡಕ್ಕೆ ಅಷ್ಟು ಬಲವಿಲ್ಲ ಅಂತ ಸಮಿತಿಯವರು ಅಲಬಾಮಾಗೆ ನಾಲ್ಕನೇ ಜಾಗ ಕೊಟ್ಟರು. ನನಗಿದು ಇವತ್ತಿಗೂ ಒಪ್ಪಿಗೆ ಇಲ್ಲ. ಆ ಹುಡುಗರು ಮೂರು ತಿಂಗಳು ಒಂದೂ ಸೋಲದೆ ಆಡಿದ್ದನ್ನು ಲೆಕ್ಕಕ್ಕೇ ತೆಗೆದುಕೊಳ್ಳದಿದ್ದರೆ ಹೇಗೆ? 2024ರಿಂದ ಪ್ಲೇಆಫ್‌ಗೆ 12 ತಂಡ ಮಾಡಿದ್ದಾರೆ.

ಮುಂದಿನ ಸಲ ಮಕ್ಕಳು ಫೈನಲ್ ಅಂದಾಗ, ಸೆಪ್ಟೆಂಬರ್‌ನಲ್ಲಿ ಏನಾಗಿತ್ತು ಅಂತ ಕೇಳಿ. ಅರ್ಧ ಗಂಟೆ ಫೋನ್ ಇಡುವುದಿಲ್ಲ. ನಮಸ್ಕಾರ.