‘ಜಲ’ ಕನ್ನಡವೋ ತೆಲುಗೋ? ಡೊಮೈನ್ ಹೆಸರಿನ ನಿಯಮ ಬರೆಯುವ ಮುಂಚೆ ಪಾವಗಡ, ಬಾಗೇಪಲ್ಲಿಯನ್ನೂ ಕೇಳಿ

ನಮಸ್ಕಾರ. ಒಂದು ಚೀಟಿ ತಗೊಂಡು ‘ಜಲ’ ಅಂತ ಕನ್ನಡದಲ್ಲಿ ಬರೆಯಿರಿ. ಕೆಳಗೆ ಅದೇ ಪದವನ್ನು ತೆಲುಗಿನಲ್ಲಿ ಬರೆಯಿರಿ. ಕಣ್ಣಿಗೆ ಎರಡೂ ಹೆಚ್ಚುಕಡಿಮೆ ಒಂದೇ. ಕಂಪ್ಯೂಟರಿಗೆ ಹಾಗಲ್ಲ. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡ್ ಪಟ್ಟಿಯಲ್ಲಿ ತೆಲುಗಿನ ಜಕಾರಕ್ಕೂ ಕನ್ನಡದ ಜಕಾರಕ್ಕೂ ಸರಿಯಾಗಿ 128 ಸ್ಥಾನಗಳ ಅಂತರ. ಲಕಾರಕ್ಕೂ ಅಷ್ಟೇ. ನಿಯಮ ತಡೆಯದಿದ್ದರೆ ಇವೆರಡನ್ನೂ ಬೇರೆ ಬೇರೆ ಜನ ಡೊಮೈನ್ ಹೆಸರಾಗಿ, ಅಂದರೆ ಜಾಲತಾಣದ ವಿಳಾಸವಾಗಿ, ಪಡೆಯಬಹುದು. ಒಂದು ಅಸಲಿ ಬ್ಯಾಂಕಿನದ್ದಾದರೆ ಇನ್ನೊಂದು ಕಳ್ಳನದ್ದಾಗಬಹುದು.

ಬಾಗೇಪಲ್ಲಿ, ಮುಳಬಾಗಿಲು, ಶ್ರೀನಿವಾಸಪುರ, ಪಾವಗಡದ ಕಡೆ ಎರಡೂ ಲಿಪಿ ಓದುವವರು ಬೇಕಾದಷ್ಟು ಜನ ಇದ್ದಾರೆ. ಇಲ್ಲಿ ಸುಲಭವಾಗಿ ಮೋಸ ಹೋಗುವುದು ಅವರ ಕಣ್ಣೇ. ಲಿಪಿ ಬದಲಾಗಿದ್ದು ಗೊತ್ತೇ ಆಗದೆ ಸಲೀಸಾಗಿ ಓದಿಕೊಂಡು ಹೋಗಿಬಿಡುತ್ತದೆ.

ಇದಕ್ಕೆ ನಿಯಮ ಇದೆ. ಡೊಮೈನ್ ಹೆಸರಿನ ಕೊನೆಯಲ್ಲಿ ‘ಡಾಟ್ ಭಾರತ’ ಅಂತ ಬರುತ್ತಲ್ಲ, ಆ ಜಾಗದಲ್ಲಿ ಯಾವ ಅಕ್ಷರ ಬರಬಹುದು, ಯಾವುದು ಯಾವುದರ ಪ್ರತಿರೂಪ ಅಂತ ಜಗತ್ತಿನ ಡೊಮೈನ್ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಸಂಸ್ಥೆಯಾದ ಐಕ್ಯಾನ್‌ನ ನಿಯಮಪಟ್ಟಿ ಹೇಳುತ್ತದೆ. ಕನ್ನಡ ಅದರೊಳಗೆ ಸೇರಿದ್ದು 2019ರಲ್ಲಿ, ಮೂರನೇ ಆವೃತ್ತಿಯಲ್ಲಿ. ಕರಡು ಬರೆದದ್ದು ನಿಯೋ ಬ್ರಾಹ್ಮಿ ಸಮಿತಿ; ಭಾಷೆ, ತಂತ್ರಜ್ಞಾನ ಬಲ್ಲ ಸ್ವಯಂಸೇವಕರ ಗುಂಪು, ಒಂಬತ್ತು ಲಿಪಿಗಳ ಹೊಣೆ ಹೊತ್ತಿತ್ತು. ಕನ್ನಡ ತೆಲುಗಿನಲ್ಲಿ ಒಂದೇ ಥರ ಕಾಣುವ ಅಕ್ಷರಗಳನ್ನು ಜೋಡಿ ಮಾಡಿ, ಒಂದು ಲಿಪಿಯ ಹೆಸರು ಯಾರಿಗಾದರೂ ಹೋದರೆ ಇನ್ನೊಂದು ಲಿಪಿಯದ್ದು ಯಾರಿಗೂ ಸಿಗದ ಹಾಗೆ ಕಟ್ಟಿಹಾಕಿದ್ದಾರೆ. ಒಳ್ಳೆಯ ಕೆಲಸ, ಅವರಿಗೆ ನಾವು ಋಣಿಗಳು. ಆದರೆ ಇಂಥ ನಿಯಮ ರೂಪುಗೊಳ್ಳುವ ದಾರಿ ಬದಲಾಗಬೇಕು.

ಈಗಿನ ದಾರಿ ಹೀಗಿದೆ. ಕರಡು ಸಿದ್ಧವಾದ ಮೇಲೆ ಸಾರ್ವಜನಿಕ ಅಭಿಪ್ರಾಯಕ್ಕೆ ಸಾಮಾನ್ಯವಾಗಿ 40 ದಿನ. ಆಮೇಲೆ ಇನ್ನೊಂದು ಪರಿಣತರ ಸಮಿತಿ ಅದನ್ನು ನೋಡುತ್ತದೆ. ಆ ಸಮಿತಿ ಸರ್ವಾನುಮತದಿಂದ ಒಪ್ಪಬೇಕು, ಇಲ್ಲವೇ ವಾಪಸ್ ಕಳಿಸಬೇಕು. ತಾನೇ ತಿದ್ದುವ ಹಾಗಿಲ್ಲ. ಒಳಗೆ ಬಂದ ಅಕ್ಷರವನ್ನು ಆಮೇಲೆ ತೆಗೆಯುವುದು ಬಹಳ ಕಷ್ಟ, ಅಷ್ಟರಲ್ಲಿ ಆ ಅಕ್ಷರ ಇರುವ ಹೆಸರು ಯಾರದೋ ಕೈ ಸೇರಿರಬಹುದು. ಹಾಗಾಗಿ ಹೊರಗಿನವರು ತಪ್ಪು ಹಿಡಿಯಲು ಇರುವ ಮುಖ್ಯ ಅವಕಾಶ ಆ 40 ದಿನ. ಕರಡು ಇರುವುದು ಇಂಗ್ಲಿಷಿನಲ್ಲಿ, ಸಂಕೇತ ಸಂಖ್ಯೆಗಳ ಕೋಷ್ಟಕದಲ್ಲಿ. ಚಿಂತಾಮಣಿಯ ಕನ್ನಡ ಮೇಷ್ಟ್ರಿಗೆ ಅದು ಬಂದದ್ದೇ ಗೊತ್ತಾಗುವುದಿಲ್ಲ. ಯಾರೂ ಮಾತಾಡಲಿಲ್ಲ ಅಂದರೆ ಎಲ್ಲರೂ ಒಪ್ಪಿದರು ಅಂತ ಲೆಕ್ಕಕ್ಕೆ ಬಂದುಬಿಡುತ್ತದೆ.

‘ಸಾಫ್ಟ್‌ವೇರ್’ ಪದ ನೋಡಿ. ಟಕಾರದ ಅರ್ಧಾಕ್ಷರಕ್ಕೂ ‘ವೇ’ಗೂ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಇದೆ. ಅದನ್ನು ತೆಗೆದರೆ ‘ಸಾಫ್ಟ್ವೇರ್’ ಅಂತ ವಕಾರ ಒತ್ತಾಗಿ ಕೆಳಗಿಳಿಯುತ್ತದೆ. ಕಾಣದ ಸಂಕೇತದಿಂದ ಮೋಸ ಸುಲಭ ಅಂತ ಹೆಸರಿನ ಕೊನೆಯ ಭಾಗದಲ್ಲಿ ಅದಕ್ಕೆ ಅವಕಾಶ ಕೊಟ್ಟಿಲ್ಲ. ನನ್ನ ಮಟ್ಟಿಗೆ ಆ ನಿರ್ಧಾರ ಸರಿ. ಆದರೂ ಕನ್ನಡದ ಬರವಣಿಗೆಯೇ ಬದಲಾಗುವ ವಿಷಯ ಇದು. ಎರಡೂ ರೂಪ ಅಕ್ಕಪಕ್ಕ ಇಟ್ಟು, ‘ಭದ್ರತೆಗಾಗಿ ಇದನ್ನು ಬಿಡುತ್ತಿದ್ದೇವೆ, ಒಪ್ಪುತ್ತೀರಾ’ ಅಂತ ಕನ್ನಡದಲ್ಲೇ ಕೇಳಬೇಕು.

40 ದಿನದ ಲೆಕ್ಕ ಶುರುವಾಗುವ ಮುಂಚೆಯೇ ಎರಡು ಪುಟದ ಕನ್ನಡ ಟಿಪ್ಪಣಿ ಬರಲಿ, ಅಕ್ಷರಗಳ ಚಿತ್ರ ಸಮೇತ. ಜೊತೆಗೆ ಓದುಗರ ಪರೀಕ್ಷೆ ಆಗಲಿ. ತುಮಕೂರು ವಿಶ್ವವಿದ್ಯಾಲಯ, ಕೋಲಾರದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ಭಾಷಾ ವಿಭಾಗಗಳು ಒಂದು ವಾರದಲ್ಲಿ ಇದನ್ನು ಮಾಡಬಲ್ಲವು. 30 ಜೋಡಿ ಪದ ಸಾಕು. ಕನ್ನಡ ಮಾತ್ರ ಓದುವವರು 20, ತೆಲುಗು ಮಾತ್ರ ಓದುವವರು 20, ಎರಡೂ ಓದುವವರು 20. ಮೊಬೈಲಿನಲ್ಲಿ ಬ್ರೌಸರ್ ವಿಳಾಸ ಎಷ್ಟು ಚಿಕ್ಕದಾಗಿ ಕಾಣುತ್ತದೋ ಅಷ್ಟೇ ಗಾತ್ರದಲ್ಲಿ, ಮೂರು ಸೆಕೆಂಡ್ ತೋರಿಸಿ, ‘ಎರಡೂ ಒಂದೇನಾ, ಬೇರೇನಾ’ ಅಂತ ಕೇಳಿ. ದೊಡ್ಡ ಪರದೆಯಲ್ಲಿ ತೋರಿಸಿದರೆ ಪರೀಕ್ಷೆ ಕೆಟ್ಟಿತು. ಜ, ಬ, ಲ ಅಕ್ಷರಗಳಲ್ಲಿ ಅನುಮಾನವೇ ಇಲ್ಲ. ಪರೀಕ್ಷೆ ಮುಖ್ಯವಾಗಿ ಬೇಕಾಗಿರುವುದು ದ, ನ, ರ ಥರದವಕ್ಕೆ. ಅವುಗಳ ತಲೆಕಟ್ಟು ಕನ್ನಡದಲ್ಲಿ ಒಂದು ಥರ, ತೆಲುಗಿನಲ್ಲಿ ಇನ್ನೊಂದು ಥರ. ಕಾಗದದ ಮೇಲೆ ಗೊತ್ತಾಗುವ ಆ ವ್ಯತ್ಯಾಸ ಸಣ್ಣ ಅಕ್ಷರದಲ್ಲಿ ಕರಗಿಹೋಗುತ್ತದೆ.

ಅಭಿಪ್ರಾಯ ಬರೆಯುವವರೂ ಕಲಿಯಬೇಕಾದ್ದಿದೆ. ‘ಕನ್ನಡಕ್ಕೆ ಅನ್ಯಾಯವಾಗಿದೆ’ ಅಂತ ನೂರು ಜನ ಬರೆದರೂ ಸಮಿತಿ ಏನನ್ನೂ ತಿದ್ದಲಾಗದು. ‘ಇಂಥ ಪುಟ, ಇಂಥ ಸಾಲು, ಈ ಎರಡು ಅಕ್ಷರ, ಈ ಫಾಂಟ್, ಈ ಗಾತ್ರದಲ್ಲಿ ಒಂದೇ ಕಾಣುತ್ತವೆ, ಜೋಡಿಗೆ ಸೇರಿಸಿ’ ಅಂತ ಒಬ್ಬರು ಚಿತ್ರ ಹಚ್ಚಿ ಬರೆದರೆ ಅದಕ್ಕೆ ಉತ್ತರ ಕೊಡಲೇಬೇಕು. ಇಂಟರ್‌ನೆಟ್‌ನ ತಾಂತ್ರಿಕ ಮಾನದಂಡ ರೂಪಿಸುವ ಐಇಟಿಎಫ್ ಈ ಪದ್ಧತಿಯನ್ನು 2014ರ ಆರ್‌ಎಫ್‌ಸಿ 7282 ಎಂಬ ದಾಖಲೆಯಲ್ಲಿ ಬಿಡಿಸಿ ಹೇಳಿದೆ: ನೂರು ಜನ ಪರ, ಐದು ಜನ ವಿರೋಧ ಇದ್ದರೂ ಅದು ಒಮ್ಮತ ಆಗದೆ ಹೋಗಬಹುದು, ಆ ಐವರ ತಕರಾರಿಗೆ ಉತ್ತರ ಸಿಕ್ಕಿದೆಯಾ ಅನ್ನುವುದೇ ಪ್ರಶ್ನೆ. ಭಾಷೆಯ ನಿಯಮಕ್ಕೂ ಇದೇ ಅಳತೆ ಇರಲಿ. ಬಂದ ಪ್ರತಿ ತಕರಾರಿನ ಎದುರು ‘ಒಪ್ಪಿದೆವು’ ಅಥವಾ ‘ಒಪ್ಪಲಿಲ್ಲ, ಕಾರಣ ಇದು’ ಅಂತ ಒಂದು ಸಾಲು, ಕನ್ನಡದಲ್ಲಿ.

ಇನ್ನೊಂದು ಮಾತು. ಇಷ್ಟು ಹೊತ್ತು ಹೇಳಿದ್ದು ಹೆಸರಿನ ಕೊನೆಯ ಭಾಗಕ್ಕೆ ಮಾತ್ರ. ಅದರ ಎಡಕ್ಕೆ ಬರುವ ಅಂಗಡಿ, ಬ್ಯಾಂಕು, ಹಾಲಿನ ಸಂಘದ ಹೆಸರುಗಳ ನಿಯಮ ಆಯಾ ನೋಂದಣಿ ಸಂಸ್ಥೆಗೆ ಬಿಟ್ಟದ್ದು. ಕನ್ನಡದಲ್ಲಿ ಡೊಮೈನ್ ಕೊಳ್ಳುವವರು ದುಡ್ಡು ಕಟ್ಟುವ ಮುಂಚೆ ಇದೊಂದನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ: ‘ನನ್ನ ಹೆಸರಿನಂತೆಯೇ ಕಾಣುವ ತೆಲುಗು ರೂಪವನ್ನು ಬೇರೆಯವರಿಗೆ ಕೊಡುತ್ತೀರಾ?’