ಯಾವ ಕ್ಯಾಡ್ ಯಾರಿಗೆ?

ಎಲ್ಲರಿಗೂ ನಮಸ್ಕಾರ.

ಕ್ಯಾಡ್, ಅಂದರೆ ಕಂಪ್ಯೂಟರಿನಲ್ಲಿ ವಿನ್ಯಾಸ ಮಾಡುವ ಸಾಫ್ಟ್‌ವೇರ್. ಅದರ ವಿಷಯ ಬಂದರೆ ಸಾಕು, ಮೊದಲು ಕೇಳುವ ಪ್ರಶ್ನೆ ಒಂದೇ: ಇರುವುದರಲ್ಲಿ ಯಾವುದು ಒಳ್ಳೆಯದು? ಇದಕ್ಕೆ ಉದ್ದುದ್ದ ಕೋಷ್ಟಕಗಳು ಸಿಗುತ್ತವೆ. ಇದರಲ್ಲಿ ಈ ಸೌಲಭ್ಯ ಇದೆ, ಅದರಲ್ಲಿ ಇಲ್ಲ ಅಂತ ಟಿಕ್ ಹಾಕಿರುತ್ತಾರೆ. ನನಗಂತೂ ಆ ಕೋಷ್ಟಕಗಳಿಂದ ಹೆಚ್ಚು ಉಪಯೋಗ ಕಂಡಿಲ್ಲ. ಒಂದು ಉದ್ಯಮ ಯಾವ ತಪ್ಪಿಗೆ ಜಾಸ್ತಿ ಹೆದರುತ್ತದೋ, ಆ ತಪ್ಪನ್ನು ಹಿಡಿಯಲೆಂದೇ ಅಲ್ಲಿನ ಕ್ಯಾಡ್ ಬೆಳೆದಿರುತ್ತದೆ. ಹೋಲಿಕೆಯನ್ನು ಅಲ್ಲಿಂದ ಶುರು ಮಾಡೋಣ.

ಎಲೆಕ್ಟ್ರಾನಿಕ್ಸ್‌ನಲ್ಲಿ ಇದು ಸುಲಭವಾಗಿ ಕಾಣುತ್ತದೆ. ಪಿಸಿಬಿ, ಅಂದರೆ ಎಲೆಕ್ಟ್ರಾನಿಕ್ ಭಾಗಗಳನ್ನು ಕೂರಿಸುವ ಸರ್ಕ್ಯೂಟ್ ಬೋರ್ಡ್, ಮಾಡುವವರು ಆಲ್ಟಿಯಂ, ಕೀಕ್ಯಾಡ್, ಅಲೆಗ್ರೋ ಬಳಸುತ್ತಾರೆ. ಅಲ್ಲಿ ಮೊದಲು ಸ್ಕೀಮ್ಯಾಟಿಕ್, ಅಂದರೆ ಯಾವ ಪಿನ್ ಯಾವ ಪಿನ್ನಿಗೆ ಸೇರಬೇಕು ಅನ್ನುವುದು. ಬೋರ್ಡಿನ ಮೇಲೆ ಟ್ರ್ಯಾಕ್, ಅಂದರೆ ತಾಮ್ರದ ಗೆರೆ, ಎಳೆಯುವುದು ಆಮೇಲೆ. ಎರಡು ಟ್ರ್ಯಾಕ್ ತೀರಾ ಹತ್ತಿರ ಬಂದರೆ, ಒಂದು ಪಿನ್ ಒಂಟಿಯಾಗಿ ಉಳಿದರೆ, ಡಿಆರ್‌ಸಿ ಅನ್ನುವ ನಿಯಮ ತಪಾಸಣೆ ಓಡಿಸಿದ ತಕ್ಷಣ ಸಿಕ್ಕಿಬೀಳುತ್ತದೆ. ಅದೇ ಬೋರ್ಡನ್ನು ಆಟೋಕ್ಯಾಡ್‌ನಲ್ಲೂ ಬರೆಯಬಹುದು. ನೋಡಲು ಚೆನ್ನಾಗಿಯೇ ಇರುತ್ತದೆ. ಆದರೆ ಆ ಗೆರೆಗೆ ತಾನು ಎಲ್ಲಿಂದ ಎಲ್ಲಿಗೆ ಸಿಗ್ನಲ್ ಒಯ್ಯುತ್ತಿದ್ದೇನೆ ಅನ್ನುವುದು ಗೊತ್ತಿರುವುದಿಲ್ಲ. ಬೋರ್ಡ್ ತಯಾರಾಗಿ ಬಂದಮೇಲೆ ಒಳಪದರದ ತಪ್ಪು ತಿದ್ದುವುದು ಎಷ್ಟು ಕಷ್ಟ ಅಂತ ಮಾಡಿದವರಿಗೇ ಗೊತ್ತು.

ಕಟ್ಟಡದವರ ಭಯ ಬೇರೆ. ಮೇಲಿಂದ ನೋಡಿದ ಪ್ಲಾನ್ ಒಂದು ಹೇಳುತ್ತದೆ, ಕಟ್ಟಡವನ್ನು ಸೀಳಿದಂತೆ ತೋರಿಸುವ ಸೆಕ್ಷನ್ ಇನ್ನೊಂದು ಹೇಳುತ್ತದೆ. 1982ರಲ್ಲಿ ಬಂದ ಆಟೋಕ್ಯಾಡ್ ಡ್ರಾಯಿಂಗ್ ಬೋರ್ಡಿನ ಕೆಲಸವನ್ನು ಕಂಪ್ಯೂಟರಿಗೆ ತಂದಿತು. ಆದರೆ ಅಲ್ಲಿ ಗೋಡೆ ಅಂದರೆ ಬರೀ ಎರಡು ಗೆರೆ. ಕಟ್ಟಡಕ್ಕೆಂದೇ ಇರುವ ರೆವಿಟ್‌ನಲ್ಲಿ ಗೋಡೆ ಗೋಡೆಯೇ. ಅದಕ್ಕೆ ದಪ್ಪ, ಎತ್ತರ, ಪದರಗಳು ಎಲ್ಲ ಇರುತ್ತವೆ. ಒಂದು ಕಡೆ ಸರಿಸಿದರೆ ಪ್ಲಾನ್, ಸೆಕ್ಷನ್, ಪರಿಮಾಣದ ಪಟ್ಟಿ ಎಲ್ಲವೂ ಬದಲಾಗುತ್ತವೆ. ಹಾಗಂತ ಆಟೋಕ್ಯಾಡ್ ಮುಗಿದುಹೋಯಿತು ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ಒಂದು ಸಣ್ಣ ಡೀಟೇಲ್ ಬರೆಯಲು ಇಡೀ ಮಾಡೆಲ್ ಕಟ್ಟುತ್ತಾ ಕೂರುವುದು ಸುಮ್ನೆ ಶ್ರಮ.

ಇನ್ನು ಮೆಕ್ಯಾನಿಕಲ್. ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಯಂತ್ರದ ಭಾಗಗಳ ಅಳತೆ ಬದಲಾಗುತ್ತಲೇ ಇರುತ್ತದೆ. ಒಂದು ಶಾಫ್ಟ್ ದಪ್ಪವಾದರೆ ಬೇರಿಂಗ್, ಹೌಸಿಂಗ್, ಬೋಲ್ಟಿನ ಜಾಗ ಎಲ್ಲ ಬದಲಾಗಬೇಕು. ಯಾವುದೋ ಒಂದನ್ನು ಮರೆತರೆ ಜೋಡಣೆ ಆಗುವುದಿಲ್ಲ. 1980ರ ದಶಕದ ಕೊನೆಯಲ್ಲಿ ಪ್ರೊ/ಇಂಜಿನಿಯರ್ ಅನ್ನುವ ಸಾಫ್ಟ್‌ವೇರ್ ಇದಕ್ಕೆ ಉತ್ತರವಾಗಿ ಪ್ಯಾರಾಮೆಟ್ರಿಕ್ ಮಾಡೆಲಿಂಗನ್ನು, ಅಂದರೆ ಅಳತೆ ಬದಲಿಸಿದರೆ ಆಕಾರವೂ ಬದಲಾಗುವ ವಿಧಾನವನ್ನು, ಮಾರುಕಟ್ಟೆಗೆ ತಂದಿತು. 1995ರಲ್ಲಿ ಸಾಲಿಡ್‌ವರ್ಕ್ಸ್ ಅದೇ ದಾರಿಯನ್ನು ಸಾಮಾನ್ಯ ವಿಂಡೋಸ್ ಕಂಪ್ಯೂಟರಿಗೆ ಇಳಿಸಿತು. ಸ್ಕೆಚ್ ಹಾಕಿ, ಅಳತೆ ಕೊಟ್ಟು, ಎಕ್ಸ್‌ಟ್ರೂಡ್ ಮಾಡಿ, ಅಂದರೆ ಅದಕ್ಕೆ ದಪ್ಪ ಕೊಟ್ಟು, ತೂತು ಕೊರೆದರೆ ಪ್ರತಿ ಹೆಜ್ಜೆಯೂ ಒಂದು ಫೀಚರ್ ಆಗಿ ಫೀಚರ್ ಟ್ರೀ ಅನ್ನುವ ಪಟ್ಟಿಯಲ್ಲಿ ಉಳಿಯುತ್ತದೆ. ಹಿಂದೆ ಹೋಗಿ ಒಂದು ಅಳತೆ ತಿದ್ದಿದರೆ ಮುಂದಿನದೆಲ್ಲ ತಾನೇ ಹೊಂದಿಕೊಳ್ಳುತ್ತದೆ.

ಹೊಂದಿಕೊಳ್ಳಬೇಕು, ಅಷ್ಟೇ! ಎರಡನೇ ಫೀಚರನ್ನು ಯಾವುದೋ ಫಿಲೆಟ್ಟಿನ, ಅಂದರೆ ದುಂಡಗೆ ಮಾಡಿದ ಮೂಲೆಯ, ಅಂಚಿಗೆ ಕಟ್ಟಿದ್ದೀರಿ ಅಂದುಕೊಳ್ಳಿ. ಆ ಫಿಲೆಟ್ ತೆಗೆದ ಕೂಡಲೇ ಟ್ರೀ ತುಂಬಾ ಎರರ್. ಕೆಳಗಿನ ಫೀಚರ್‌ಗಳಿಗೆ ಆಧಾರವೇ ಇರುವುದಿಲ್ಲ. ಅದಕ್ಕೇ ಫಿಲೆಟ್ ಕೊನೆಗೆ ಹಾಕಿ ಅನ್ನುವುದು, ಅಳತೆಗಳನ್ನು ಅಂಚಿಗಿಂತ ಮೂಲ ಪ್ಲೇನ್‌ಗಳಿಗೆ, ಅಂದರೆ ಬದಲಾಗದ ಆಧಾರ ಸಮತಲಗಳಿಗೆ, ಕಟ್ಟಿ ಅನ್ನುವುದು. ಸಾಫ್ಟ್‌ವೇರ್ ಬದಲಿಸಿದರೆ ಈ ತೊಂದರೆ ಹೋಗುವುದಿಲ್ಲ. ಮಾಡೆಲ್ ಕಟ್ಟುವ ಕ್ರಮ ಬದಲಿಸಬೇಕು.

ಕಾರಿನ ಹೊರಮೈಯದ್ದು ಬೇರೆಯೇ ಲೋಕ. ಅಲ್ಲಿ ಅಳತೆ ಸರಿ ಇದ್ದರೆ ಸಾಲದು, ಬೆಳಕು ಮುರಿಯದೆ ಹರಿಯಬೇಕು. ಅದಕ್ಕೇ ಏಲಿಯಾಸ್‌ನಂಥ ಸರ್ಫೇಸ್ ಸಾಫ್ಟ್‌ವೇರ್. ನಾವು ಇಂದು ಎಲ್ಲೆಡೆ ಬಳಸುವ ಬೆಜಿಯೇ ಕರ್ವ್ ಅನ್ನುವ ನಯವಾದ ಬಾಗುಗೆರೆ ಪ್ರಸಿದ್ಧವಾಗಿದ್ದೇ ರೆನೋ ಕಾರ್ ಕಂಪನಿಯ ಕೆಲಸದಿಂದ, ಗೊತ್ತಿತ್ತಾ?

ವಿಮಾನದಲ್ಲಿ ಭಾಗಗಳ ಸಂಖ್ಯೆಯೇ ದೊಡ್ಡ ಸಮಸ್ಯೆ. ಲಕ್ಷಾಂತರ ಭಾಗಗಳು, ಹತ್ತಾರು ತಂಡಗಳು. 1994ರಲ್ಲಿ ಮೊದಲು ಹಾರಿದ ಬೋಯಿಂಗ್ 777 ಪೂರ್ತಿ ಕಂಪ್ಯೂಟರಿನಲ್ಲೇ ವಿನ್ಯಾಸಗೊಂಡ ಮೊದಲ ಪ್ರಯಾಣಿಕ ಜೆಟ್. ಬಳಸಿದ್ದು ಕ್ಯಾಟಿಯಾ. ಅದೇ ಕ್ಯಾಟಿಯಾ ಏರ್‌ಬಸ್ ಎ380ರಲ್ಲೂ ಇತ್ತು. ಆದರೆ ಜರ್ಮನಿ ಮತ್ತು ಸ್ಪೇನ್ ತಂಡಗಳ ಬಳಿ ನಾಲ್ಕನೇ ಆವೃತ್ತಿ, ಫ್ರಾನ್ಸ್ ಮತ್ತು ಬ್ರಿಟನ್ ತಂಡಗಳ ಬಳಿ ಐದನೆಯದು. ಆ ವಿಮಾನದಲ್ಲಿ 500 ಕಿಲೋಮೀಟರಿಗೂ ಹೆಚ್ಚು ವೈರ್ ಇತ್ತು. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ತಯಾರಾದ ವೈರ್ ಕಟ್ಟುಗಳು ಜೋಡಣೆಗೆಂದು ಫ್ರಾನ್ಸಿನ ಟೂಲೂಸ್‌ಗೆ ಬಂದಾಗ ಹೊಂದಲಿಲ್ಲ, ಎಷ್ಟೋ ಕಡೆ ಉದ್ದವೇ ಸಾಲಲಿಲ್ಲ. ಒಂದು ಕಡೆಯ ಬದಲಾವಣೆ ಇನ್ನೊಂದು ಕಡೆಗೆ ಸರಿಯಾಗಿ ತಲುಪುತ್ತಿರಲಿಲ್ಲ. ವಿಮಾನ ಗ್ರಾಹಕರ ಕೈಗೆ ಬರುವುದು ಸುಮಾರು 2 ವರ್ಷ ತಡವಾಯಿತು. ಸಾಫ್ಟ್‌ವೇರ್ ಹೆಸರು ಒಂದೇ ಇತ್ತು ನೋಡಿ. ಯಾವ ಕೋಷ್ಟಕದಲ್ಲೂ ಈ ಅಪಾಯಕ್ಕೆ ಕಾಲಂ ಇರುವುದಿಲ್ಲ, ಅಲ್ವಾ?

ಹಾಗಾಗಿ ಹೋಲಿಸುವಾಗ ನಾನು ಕೇಳುವ ಎರಡನೇ ಪ್ರಶ್ನೆ: ನಿಮ್ಮ ಫೈಲ್ ಯಾರಿಗೆ ಹೋಗುತ್ತದೆ? ಎನ್‌ಎಕ್ಸ್, ಸಾಲಿಡ್ ಎಡ್ಜ್, ಸಾಲಿಡ್‌ವರ್ಕ್ಸ್ ಮೂರರ ಒಳಗೂ ಇರುವ ಜ್ಯಾಮಿತಿ ಕರ್ನಲ್, ಅಂದರೆ ಆಕಾರದ ಲೆಕ್ಕ ಮಾಡುವ ತಿರುಳು, ಪ್ಯಾರಾಸಾಲಿಡ್. ಇವುಗಳ ನಡುವೆ ಆಕಾರ ಹೋಗಿ ಬರುವುದು ಕಷ್ಟವಲ್ಲ. ಬೇರೆಯವರಿಗಾದರೆ ಬೇರೆ ಬೇರೆ ಸಾಫ್ಟ್‌ವೇರ್‌ಗಳು ಓದಬಲ್ಲ ಸ್ಟೆಪ್ ಫೈಲ್ ಇದೆ, ಕಟ್ಟಡದವರಿಗೆ ಅಂಥದ್ದೇ ಐಎಫ್‌ಸಿ ಇದೆ. ಸ್ಟೆಪ್‌ನಲ್ಲಿ ಆಕಾರ ಚೆನ್ನಾಗಿಯೇ ದಾಟುತ್ತದೆ. ಆದರೆ ಫೀಚರ್ ಟ್ರೀ ಸಾಮಾನ್ಯವಾಗಿ ದಾಟುವುದಿಲ್ಲ. ತೂತು ಇರುತ್ತದೆ, ಅದನ್ನು ಹೇಗೆ ಕೊರೆದಿರಿ ಅನ್ನುವ ಲೆಕ್ಕ ಇರುವುದಿಲ್ಲ. ಬರೀ ತಯಾರಿಸಿ ಕೊಡುವವರಿಗೆ ಅಷ್ಟು ಸಾಕು. ವಿನ್ಯಾಸವನ್ನು ಮುಂದುವರಿಸಬೇಕಾದವರಿಗೆ ಸಾಲುವುದಿಲ್ಲ.

ಸರಿ, ಮಾತು ಇಷ್ಟು ಸಾಕು. ಈಗ ಪರದೆಯ ಮೇಲೆ ಫ್ರೀಕ್ಯಾಡ್‌ನಲ್ಲಿ ಒಂದು ಬ್ರಾಕೆಟ್ ತೆರೆಯುತ್ತೇನೆ. ಇದು ಉಚಿತ, ನೀವೂ ನಿಮ್ಮ ಲ್ಯಾಪ್‌ಟಾಪಿನಲ್ಲಿ ಜೊತೆಗೇ ಮಾಡಬಹುದು. ಮೊದಲ ಸ್ಕೆಚ್ಚಿನ ಅಗಲ ಬದಲಿಸುತ್ತೇನೆ. ಯಾವ ಫೀಚರ್ ಮೊದಲು ಮುರಿಯುತ್ತದೆ? ಈಗಲೇ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಆಮೇಲೆ ನೋಡೋಣ.